ಗುಡಿಗೆ ಮುಂಚೆ ಒಕ್ಕಲು



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ಪಡುವಣ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆ ಎಂಬ ಮೂರು ಹೊಳೆಗಳ ಸೀಮೆ ಇದು. ಚುಂಚನಕಟ್ಟೆಯ ದನಗಳ ಜಾತ್ರೆ, ಕಪ್ಪಡಿಯ ರಾಚಪ್ಪಾಜಿ ಗದ್ದುಗೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನಿಗೆ ಹೆಸರಾದ ಈ ಸೀಮೆಯಲ್ಲಿ ಕಥೋಲಿಕ ಕ್ರೈಸ್ತರು ಸಂಖ್ಯೆಯಲ್ಲಿ ತೀರ ಚಿಕ್ಕ ಸಮುದಾಯ. ಚಿಕ್ಕದೆಂಬ ಕಾರಣಕ್ಕೇ ಅವರ ಇತಿಹಾಸವನ್ನು ಯಾರೂ ನಿಂತು ನೋಡಿಲ್ಲ. ನೋಡಿದವರೂ ಕಟ್ಟಡಗಳ ಇತಿಹಾಸವನ್ನು ಬರೆದರು. ಇಂಥ ವರ್ಷ ಅಸ್ತಿಭಾರ, ಇಂಥ ವರ್ಷ ಉದ್ಘಾಟನೆ, ಇಂಥ ಗುರುಗಳು ಗಂಟೆಗೋಪುರ ಕಟ್ಟಿಸಿದರು ಎಂದು ಸ್ಮರಣ ಸಂಚಿಕೆಗಳ ಪುಟ ತುಂಬುತ್ತದೆ. ಆ ಅಸ್ತಿಭಾರದ ಕಲ್ಲನ್ನು ಹೊತ್ತವರು ಅಲ್ಲಿಗೆ ಬಂದದ್ದು ಹೇಗೆ, ಗುರುಗಳಿಲ್ಲದ ಕಾಲದಲ್ಲಿ ಅವರು ಏನು ಮಾಡಿಕೊಂಡಿದ್ದರು ಎಂಬ ಮಾತು ಬರುವುದಿಲ್ಲ.

ಧರ್ಮಸಭೆಯ ಕಾನೂನೇ ಇದಕ್ಕಿಂತ ಉದಾರವಾಗಿದೆ. 1983ರ ಕಾನೂನು ಸಂಹಿತೆಯ 515ನೆಯ ವಿಧಿ ಧರ್ಮಕೇಂದ್ರವನ್ನು ವಿವರಿಸುವಾಗ ಕಟ್ಟಡದಿಂದ ಶುರುಮಾಡುವುದಿಲ್ಲ. ವಿಶ್ವಾಸಿಗಳ ಒಂದು ನಿರ್ದಿಷ್ಟ ಸಮುದಾಯವೇ ಧರ್ಮಕೇಂದ್ರ ಎನ್ನುತ್ತದೆ. ಅದನ್ನು ನೋಡಿಕೊಳ್ಳುವ ಗುರುಗಳ ಮಾತು ಆಮೇಲೆ. ನಾನು ಇಂದು ಹೇಳಬೇಕೆಂದಿರುವುದೂ ಇಷ್ಟೇ. ನಮ್ಮ ಸೀಮೆಯಲ್ಲಿ ಒಕ್ಕಲು ಮೊದಲು ಬಂತು. ನೆಲ, ಕೂಲಿ, ದಾರಿ, ಬರ, ಯುದ್ಧ ಇವುಗಳ ಬೆನ್ನು ಹತ್ತಿ ಬಂತು. ಗುಡಿ ಆಮೇಲಿನದು.

ಶ್ರೀರಂಗಪಟ್ಟಣದಿಂದ ಆರಂಭಿಸಬೇಕು. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, 1640ರ ದಶಕದ ಕೊನೆಯ ಹೊತ್ತಿಗೆ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಗೋವೆಯ ಕಡೆಯಿಂದ ರಾಜಧಾನಿಗೆ ಬಂದರು. ಮೈಸೂರು ಮಿಷನ್ ಎಂದು ಚರಿತ್ರೆಯಲ್ಲಿ ಹೆಸರಾದದ್ದು ಅಲ್ಲಿಂದ ಬೆಳೆಯಿತು. ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು, ಕನ್ನಡಕ್ಕೆ ಒಂದು ವ್ಯಾಕರಣವನ್ನೂ ಬರೆದರು. ಆ ಗುರುಗಳು ರೋಮಿಗೆ ಕಳಿಸುತ್ತಿದ್ದ ಪತ್ರಗಳು ಇಂದು ಮೈಸೂರಿನ ಇತಿಹಾಸಕ್ಕೇ ಆಕರ. ಆದರೆ 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಒಳನಾಡಿನ ಈ ಚಿಕ್ಕ ಚಿಕ್ಕ ಸಮುದಾಯಗಳು ತಬ್ಬಲಿಯಾದವು. ಅದರ ಬೆನ್ನಿಗೇ ಯುದ್ಧಗಳು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಟಿಪ್ಪು ಸುಲ್ತಾನನ ಸೈನ್ಯ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದಿತು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ತಪ್ಪಿಸಿಕೊಂಡವರಲ್ಲಿ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯ ಶುರುವಾದದ್ದು ಆ ದೊರೆ ಕೊಟ್ಟ ನೆಲದಲ್ಲಿ. ಮೈಸೂರಿನಿಂದ ವಿರಾಜಪೇಟೆಗೆ ಹೋಗುವ ದಾರಿ ಹುಣಸೂರಿನ ಮೇಲೆಯೇ ಹಾಯುತ್ತದೆ. ಆ ದಾರಿಗೆ ಆಮೇಲೆ ಬರುತ್ತೇನೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದುರಿದವರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸಿನ ಅಬ್ಬೆ ದುಬುವಾ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿದವರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕದಿಂದಾಗಿ ಲೋಕಕ್ಕೆಲ್ಲ ಪರಿಚಿತರು. ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿತು. ನನಗೆ ಮುಖ್ಯವಾಗಿ ಕಾಣುವವರು ಪುಸ್ತಕದ ದುಬುವಾ ಅಲ್ಲ. ಗಂಜಾಮು, ಪಾಲಹಳ್ಳಿ, ಮೈಸೂರುಗಳ ನಡುವೆ ಓಡಾಡುತ್ತ, ಇಲ್ಲಿನವರ ಉಡುಗೆ ಉಟ್ಟು, ಜನರ ಬಾಯಲ್ಲಿ ದೊಡ್ಡಸ್ವಾಮಿ ಎನಿಸಿಕೊಂಡ ದುಬುವಾ. ನೆಲೆ ಕಳೆದುಕೊಂಡ ಕುಟುಂಬಗಳಿಗಾಗಿ ಅವರು ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬಿಗೆ ದೇವಿ ಹಾಕುವ ಕೆಲಸವನ್ನು ಮೈಸೂರು ಸೀಮೆಯಲ್ಲಿ ಕೈಗೆತ್ತಿಕೊಂಡರು. 1803-04ರ ಕೆಲವೇ ತಿಂಗಳುಗಳಲ್ಲಿ 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕ ಅವರದು. ಇದರಲ್ಲಿ ಜಾತಿ ಮತದ ಎಣಿಕೆ ಇರಲಿಲ್ಲ.

ಇಂಥವರು 1823ರಲ್ಲಿ ಊರಿಗೆ ಮರಳಿದಾಗ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ದೇಶದವರನ್ನು ಕ್ರೈಸ್ತಧರ್ಮಕ್ಕೆ ತರುವುದು ಆಗದ ಕೆಲಸ ಎಂದು ಬರೆದರು. ಬಹಳ ಜನ ಅದನ್ನು ಸೋಲಿನ ಒಪ್ಪಿಗೆಯೆಂದು ಓದಿದ್ದಾರೆ. ನಾನು ಹಾಗೆ ಓದುವುದಿಲ್ಲ. ಮತಾಂತರದ ಲೆಕ್ಕ ಸೋತಿರಬಹುದು. ನೆಲ ಕೊಟ್ಟು, ನೇಗಿಲು ಕೊಟ್ಟು, ಊರು ಕಟ್ಟಿದ್ದು ಸೋಲಲಿಲ್ಲ. ಹಾಸನದ ಆ ಸೀಮೆಯಲ್ಲೇ ಶೆಟ್ಟಿಹಳ್ಳಿ ಇದೆ. ಅಲ್ಲಿ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಎತ್ತರದ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಮಳೆಗಾಲದಲ್ಲಿ ಅದರ ಚಿತ್ರ ತೆಗೆಯಲು ಪ್ರವಾಸಿಗರು ಮುಗಿಬೀಳುತ್ತಾರೆ. ಅಲ್ಲಿದ್ದ ಒಕ್ಕಲು ಎಲ್ಲಿ ಹೋಯಿತೆಂದು ಅವರಲ್ಲಿ ಎಷ್ಟು ಜನ ಕೇಳುತ್ತಾರೋ. ಆ ಒಕ್ಕಲಿನವರು ಮರಿಯನಗರ, ಜ್ಯೋತಿನಗರಗಳಲ್ಲಿ ಇದ್ದಾರೆ. ಅದೇ ಹಬ್ಬಗಳನ್ನು ಮಾಡುತ್ತಿದ್ದಾರೆ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಎದೆಯ ಭಾಗಕ್ಕೆ, ಡೋರ್ನಹಳ್ಳಿಗೆ ಬರೋಣ. ಕೃಷ್ಣರಾಜನಗರ ತಾಲ್ಲೂಕಿನ ಊರು. ಮೈಸೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಸಾಗರಕಟ್ಟೆ ದಾಟಿದರೆ ಸಿಗುತ್ತದೆ. ಕೃಷ್ಣರಾಜನಗರವೆಂಬ ಪಟ್ಟಣವೇ ಇಲ್ಲದ ಕಾಲದ ಕಥೆ ಇಲ್ಲಿಯದು. ಆಗ ಇದು ಎಡತೊರೆ ಸೀಮೆ. ಸುಮಾರು ಇನ್ನೂರು ವರ್ಷದ ಹಿಂದೆ ಊರಿನ ಗೌಡರೊಬ್ಬರು ಹೊಲ ಉಳುತ್ತಿದ್ದಾಗ ನೇಗಿಲಿಗೆ ಮರದ ವಿಗ್ರಹವೊಂದು ತಗುಲಿತು ಎನ್ನುತ್ತದೆ ಸ್ಥಳಪುರಾಣ. ನಿಲುವಂಗಿ ತೊಟ್ಟ ಯಾರೋ ಸನ್ಯಾಸಿಯ ರೂಪ. ಯಾವ ದೇವರೋ ತಿಳಿಯದೆ ಅವರು ಅದನ್ನು ಕಡೆಗಣಿಸಿದರು. ಮನೆಗೆ ಕಷ್ಟ ಬಂತು. ಕನಸಿನಲ್ಲಿ ಆ ಸನ್ಯಾಸಿಯೇ ಕಾಣಿಸಿಕೊಂಡು ತನಗೊಂದು ಗುಡಿ ಬೇಕೆಂದ. ವಿಚಾರಿಸಿದಾಗ ಅದು ಪಾದುವಾದ ಸಂತ ಅಂತೋಣಿಯವರ ವಿಗ್ರಹವೆಂದು ಗೊತ್ತಾಯಿತು. ಮಣ್ಣಿನ ಗೋಡೆಯ ಚಿಕ್ಕ ಗುಡಿ ಎದ್ದಿತು. ಕಷ್ಟ ತೀರಿತು.

ಪವಾಡದ ಮಾತನ್ನು ಭಕ್ತರಿಗೆ ಬಿಟ್ಟು ಈ ಕಥೆಯ ಎರಡು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ. ವಿಗ್ರಹ ಮರದ್ದು. ನಮ್ಮ ಹೊಲಗಳ ಮಣ್ಣಿನಲ್ಲಿ, ಗೆದ್ದಲಿನ ನಡುವೆ, ಮರ ಎಷ್ಟು ಕಾಲ ಉಳಿದೀತು? ತಲೆಮಾರುಗಟ್ಟಲೆ ಉಳಿಯದು. ಅದು ಮಣ್ಣಿಗೆ ಹೋದದ್ದು ಸಿಕ್ಕುವುದಕ್ಕೆ ತೀರ ಹಿಂದೇನೂ ಇರಲಾರದು. ಅಂದರೆ ಯುದ್ಧದ ಆ ವರ್ಷಗಳಲ್ಲಿ ಯಾರೋ ಅದನ್ನು ಹೂತಿಟ್ಟಿದ್ದಾರೆ, ಅಥವಾ ಹೊತ್ತುಕೊಂಡು ಓಡುವಾಗ ಬಿಟ್ಟುಹೋಗಿದ್ದಾರೆ. ಅಂತೋಣಿಯವರು ಹುಟ್ಟಿದ್ದು ಲಿಸ್ಬನ್ನಿನಲ್ಲಿ, 1195ರಲ್ಲಿ. ಪೋರ್ಚುಗೀಸರು ಹೋದಲ್ಲೆಲ್ಲ, ಗೋವೆಗೂ ಅಲ್ಲಿಂದ ಒಳನಾಡಿಗೂ, ಅವರ ಭಕ್ತಿ ಹರಡಿತ್ತು. ಡೋರ್ನಹಳ್ಳಿಯ ಹೊಲದಲ್ಲಿ ಅವರ ಮೂರ್ತಿ ಇತ್ತೆಂದರೆ ಆ ಸುತ್ತಿನಲ್ಲಿ ಅವರನ್ನು ನಂಬಿದ ಮನೆಗಳು ಇದ್ದವು, ಇಲ್ಲವೇ ಆ ದಾರಿಯಲ್ಲಿ ಹಾದುಹೋಗಿದ್ದವು. ಗುಡಿಗೆ ಮುಂಚಿನ ಒಕ್ಕಲಿನ ಗುರುತು ಆ ಮರದ ಮೂರ್ತಿ ಎಂದು ನಾನು ತಿಳಿಯುತ್ತೇನೆ.

ಎರಡನೆಯದು, ವಿಗ್ರಹ ಸಿಕ್ಕಿದ್ದು ಕ್ರೈಸ್ತನಲ್ಲದ ರೈತನಿಗೆ. ಮೊದಲ ಗುಡಿಗೆ ಕಾರಣನಾದವನೂ ಅವನೇ. ಈ ಒಂದು ಸಂಗತಿಯಿಂದಾಗಿ ಡೋರ್ನಹಳ್ಳಿ ಎಂದಿಗೂ ಬರೀ ಕಥೋಲಿಕರ ಸ್ಥಳವಾಗಲಿಲ್ಲ. ಜೂನ್ 13 ಅಂತೋಣಿಯವರ ಹಬ್ಬ. 1231ರಲ್ಲಿ ಅವರು ತೀರಿಕೊಂಡ ದಿನ ಅದು. ನಮ್ಮಲ್ಲಿ ಆ ಹೊತ್ತಿಗೆ ಮೃಗಶಿರಾ ಮಳೆ ನಡೆದಿರುತ್ತದೆ. ಹೊಲದ ಕೆಲಸ ಒತ್ತರಿಸಿ ಬರುವ ಕಾಲ. ಆದರೂ ಜನ ಬರುತ್ತಾರೆ: ಒಕ್ಕಲಿಗರು, ಕುರುಬರು, ದಲಿತರು, ಮುಸ್ಲಿಮರು, ತಮಿಳುನಾಡಿನಿಂದ ಬಸ್ಸು ಮಾಡಿಕೊಂಡು ಬರುವವರು. ಮೇಣದ ಬತ್ತಿ ಹಚ್ಚಿ, ಹೂವಿನ ಹಾರ ಹಾಕಿ, ಕಳೆದದ್ದು ಸಿಗಲಿ ಎಂದು ಬೇಡುತ್ತಾರೆ. ಕಳೆದ ವಸ್ತುವನ್ನು ಹುಡುಕಿಕೊಡುವ ಸಂತ ಎಂಬುದು ಲೋಕದ ಎಲ್ಲ ಕಡೆಯ ನಂಬಿಕೆ. ಇಲ್ಲಿ ಆ ಸಂತನೇ ಕಳೆದುಹೋಗಿ ಒಬ್ಬ ರೈತನಿಗೆ ಸಿಕ್ಕಿದ ಎಂದು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ. ಕಪ್ಪಡಿಯ ರಾಚಪ್ಪಾಜಿ ಒಕ್ಕಲು, ಚುಂಚನಕಟ್ಟೆಯ ರಾಮನ ಒಕ್ಕಲು ಎಂದು ಹೇಳಿಕೊಳ್ಳುವ ಮನೆಯವರೇ ಡೋರ್ನಹಳ್ಳಿಗೂ ಹರಕೆ ಹೊರುವುದನ್ನು ಈ ಸೀಮೆಯಲ್ಲಿ ಯಾರೂ ವಿಚಿತ್ರವೆಂದು ತಿಳಿಯುವುದಿಲ್ಲ.

ಮಣ್ಣಿನ ಗುಡಿ ಬಿದ್ದುಹೋದ ಮೇಲೆ 1920ರಲ್ಲಿ ದೇವಾಲಯವೊಂದು ಕಟ್ಟಲ್ಪಟ್ಟಿತು. ಅದರ ಜಾಗದಲ್ಲಿ ಈಗಿನ ದೊಡ್ಡ ದೇವಾಲಯ ಬಂದದ್ದು 1969ರಲ್ಲಿ. 2019ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ಕಿರಿಯ ಬೆಸಿಲಿಕಾ ಎಂದು ಘೋಷಿಸಿದರು. ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನ ದೇವಾಲಯ, ಕಾರ್ಕಳದ ಅತ್ತೂರು, ಆಮೇಲೆ ಡೋರ್ನಹಳ್ಳಿ. ಕರ್ನಾಟಕದಲ್ಲಿ ಆ ಗೌರವ ಪಡೆದ ಮೂರನೆಯದು ಇದು. ಮೂರರಲ್ಲಿ ಬಯಲುಸೀಮೆಯ ರಾಗಿ ಹೊಲದ ನಡುವಿನಿಂದ ಎದ್ದುಬಂದದ್ದು ಇದೊಂದೇ ಎಂಬುದು ನನಗೆ ಹೆಮ್ಮೆಯ ವಿಷಯ.

ಹುಣಸೂರಿನ ಕಥೆ ಬೇರೆ. ಅಲ್ಲಿ ಪುರಾಣವಿಲ್ಲ, ಕಾರ್ಖಾನೆ ಇದೆ. ಟಿಪ್ಪುವಿನ ಪತನದ ನಂತರ ಕಂಪನಿ ಸರ್ಕಾರ ಹುಣಸೂರನ್ನು ಸೈನ್ಯದ ಸರಬರಾಜಿನ ಠಾಣೆ ಮಾಡಿಕೊಂಡಿತು. ಅಮೃತಮಹಲ್ ದನಗಳ ಕೇಂದ್ರ, ಚರ್ಮ ಹದಮಾಡುವ ದೊಡ್ಡ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಅಡ್ಡೆ ಎಲ್ಲವೂ ಅಲ್ಲಿದ್ದವು. ಬೂಟು, ಸಿಪಾಯಿಗಳ ಬೆನ್ನುಚೀಲ, ಗಾಡಿಗಳು ಅಲ್ಲಿಂದ ಹೋಗುತ್ತಿದ್ದವು. ದಂಡು ಇದ್ದಲ್ಲಿ ಅದರ ಬೆನ್ನಿಗೆ ಬಡಗಿ, ಕಮ್ಮಾರ, ಚರ್ಮಗಾರ, ಗುಮಾಸ್ತ, ಅಡುಗೆಯವರು ಬರುತ್ತಿದ್ದರು. ಅವರಲ್ಲಿ ತಮಿಳು ಮಾತಾಡುವ ಕ್ರೈಸ್ತರು ಇರುತ್ತಿದ್ದರೆಂಬುದಕ್ಕೆ ಬೆಂಗಳೂರಿನ ದಂಡುಪ್ರದೇಶವೇ ದೊಡ್ಡ ಸಾಕ್ಷಿ. 1864ರಲ್ಲಿ ಸರ್ಕಾರ ಹುಣಸೂರಿನ ಈ ಕಾರ್ಖಾನೆಗಳನ್ನು ಮುಚ್ಚಿತು. ಆದರೆ ಕೈಕಸುಬು ಊರಲ್ಲೇ ಉಳಿಯಿತು. ಚರ್ಮದ ಕೆಲಸ, ಗಾಡಿ ಕೆಲಸ ಮುಂದುವರಿದವೆಂದು ಗ್ಯಾಸೆಟಿಯರುಗಳು ದಾಖಲಿಸಿವೆ. ಅಷ್ಟು ಹೊತ್ತಿಗೆ ಕೊಡಗಿನಲ್ಲಿ ಕಾಫಿ ತೋಟಗಳು ಹಬ್ಬಿದ್ದವು. ಕೊಡಗಿನ ಕಾಫಿ ಹುಣಸೂರಿಗೆ ಬಂದು ಸಿಪ್ಪೆ ಬಿಡಿಸಿ, ಬೀಜ ವಿಂಗಡಿಸಿ, ಮುಂದಕ್ಕೆ ಹೋಗತೊಡಗಿತು. ತೋಟಕ್ಕೆ ಹೋಗುವ ಕೂಲಿಗಳು ಘಟ್ಟದ ಕಡೆಗೆ, ಕಾಫಿ ಮೂಟೆಗಳು ಬಯಲಿನ ಕಡೆಗೆ. ಇವೆರಡರ ನಡುವೆ ಹುಣಸೂರು.

ಆ ವಿರಾಜಪೇಟೆ ದಾರಿಯ ಮಾತಿಗೆ ಈಗ ಬಂದೆ. ಒಂದು ತುದಿಯಲ್ಲಿ ಮೈಸೂರಿನ ಗುರುಗಳು, ಇನ್ನೊಂದು ತುದಿಯಲ್ಲಿ ಸಂತ ಅನ್ನಮ್ಮನ ದೇವಾಲಯ. ನಡುವೆ ಇದ್ದವರಿಗೆ ಪೂಜೆ ಸಿಗುತ್ತಿದ್ದದ್ದು ಗುರುಗಳ ಕುದುರೆ ಬಂದಾಗ ಮಾತ್ರ. ಉಳಿದ ದಿನ ಧರ್ಮ ನಡೆಸಿದವನು ಉಪದೇಶಿ. ಇವನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಇವನು ಗುರುವಲ್ಲ, ಸಂಸಾರಸ್ಥ. ಹಗಲು ಹೊಲದಲ್ಲೋ ಅಡ್ಡೆಯಲ್ಲೋ ದುಡಿದು, ಸಂಜೆ ಮಕ್ಕಳನ್ನು ಕೂರಿಸಿಕೊಂಡು ಜಪ ಕಲಿಸುತ್ತಿದ್ದ. ಸಾಯುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಪ್ರಾರ್ಥನೆ ಹೇಳುತ್ತಿದ್ದ. ಹಸುಗೂಸು ಉಳಿಯುವುದಿಲ್ಲವೆಂದಾಗ ತಾನೇ ನೀರು ಹಾಕಿ ಜ್ಞಾನಸ್ನಾನ ಕೊಡುತ್ತಿದ್ದ; ಧರ್ಮಸಭೆ ಅದಕ್ಕೆ ಅವಕಾಶ ಕೊಟ್ಟಿದೆ. ತಪಸ್ಸಿನ ಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿ ನಡೆಸುತ್ತಿದ್ದ. ಗುರುಗಳು ಬಂದಾಗ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಜಗಳ, ಯಾರು ಪಾಪನಿವೇದನೆಗೆ ಬಂದಿಲ್ಲ ಎಂದು ಬಾಯಿಲೆಕ್ಕ ಒಪ್ಪಿಸುತ್ತಿದ್ದ. ಸ್ಮರಣ ಸಂಚಿಕೆಗಳಲ್ಲಿ ಗುರುಗಳ ಭಾವಚಿತ್ರಗಳು ಸಾಲಾಗಿ ಇರುತ್ತವೆ. ಉಪದೇಶಿಗೆ ಅಲ್ಲಿ ಜಾಗವಿಲ್ಲ. ಇದು ನನ್ನ ಮನಸ್ಸನ್ನು ಕೊರೆಯುತ್ತದೆ. ಹೆಣ್ಣುಮಕ್ಕಳ ಪಾಲು ಇನ್ನೂ ಮರೆಯಾಗಿದೆ. ಜಪಸರ ಹೇಳಿಕೊಟ್ಟ ಅಜ್ಜಿಯಂದಿರಿಲ್ಲದೆ ಯಾವ ಧರ್ಮಕೇಂದ್ರವೂ ಎರಡನೆಯ ತಲೆಮಾರಿಗೆ ದಾಟಿಲ್ಲ.

1876-78ರ ಧಾತು ಈಶ್ವರದ ಬರ ಈ ಸೀಮೆಯನ್ನೂ ಬಿಡಲಿಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ತಂದೆತಾಯಿ ಇಲ್ಲದ ಮಕ್ಕಳನ್ನು ಸಾಕಿ, ಬೆಳೆಸಿ, ಮದುವೆ ಮಾಡಿ, ಜಮೀನಿಗೆ ಹಚ್ಚಿ ಊರು ಕಟ್ಟುವುದು ಆ ಕಾಲದಲ್ಲಿ ಮಿಷನ್ ಗುರುಗಳ ದೊಡ್ಡ ಕೆಲಸವಾಯಿತು. ದುಬುವಾ ಸತ್ತಿಹಳ್ಳಿಯಲ್ಲಿ ತೋರಿಸಿದ ದಾರಿಯೇ ಅದು.

ಆಡಳಿತದ ಇತಿಹಾಸವನ್ನು ಬೇಗ ಮುಗಿಸುತ್ತೇನೆ. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಆಡಳಿತ ಪ್ರದೇಶವಾಯಿತು, 1886ರಲ್ಲಿ ಧರ್ಮಪ್ರಾಂತ್ಯ. 1940ರಲ್ಲಿ ಬೆಂಗಳೂರು, 1955ರಲ್ಲಿ ಉದಕಮಂಡಲ, 1963ರಲ್ಲಿ ಚಿಕ್ಕಮಗಳೂರು ಬೇರೆಯಾದವು. ಪ್ರಾಂತ್ಯ ಚಿಕ್ಕದಾದಂತೆ ಧರ್ಮಾಧ್ಯಕ್ಷರಿಗೆ ಹಳ್ಳಿ ಹತ್ತಿರವಾಯಿತು. ಫ್ರೆಂಚ್ ಗುರುಗಳ ಕಾಲ ಮುಗಿಯುತ್ತ ಬಂತು. 1941ರಿಂದ 1962ರವರೆಗೆ ಇದ್ದ ರೆನೆ ಫ್ಯೂಗಾ ಮೈಸೂರಿನ ಕೊನೆಯ ಫ್ರೆಂಚ್ ಧರ್ಮಾಧ್ಯಕ್ಷರು. ಕುದುರೆಯ ಜಾಗಕ್ಕೆ ಮೋಟಾರ್ ಸೈಕಲ್ ಬಂತು. ಉಪಕೇಂದ್ರಗಳಾಗಿದ್ದ ಊರುಗಳು ಒಂದೊಂದಾಗಿ ಸ್ವಂತ ಗುರುಗಳನ್ನು ಪಡೆದವು, ಜೊತೆಗೆ ಕನ್ಯಾಸ್ತ್ರೀಯರ ಶಾಲೆ, ದವಾಖಾನೆಗಳೂ ಬಂದವು. ಆ ಶಾಲೆಯ ಬೆಂಚುಗಳಲ್ಲಿ ಕೂತವರಲ್ಲಿ ಕ್ರೈಸ್ತರಲ್ಲದ ಮಕ್ಕಳೇ ಹೆಚ್ಚು. ಡೋರ್ನಹಳ್ಳಿಯ ಹೊಲದಲ್ಲಿ ಆರಂಭವಾದ ಸಂಬಂಧ ಹೀಗೆ ಇನ್ನೊಂದು ರೂಪದಲ್ಲಿ ಬೆಳೆಯಿತು.

ಕಟ್ಟಡಗಳಿಗಿಂತ ದೊಡ್ಡ ಬದಲಾವಣೆ ಪೂಜೆಯ ಭಾಷೆಯದು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಪೀಠದ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಲತೀನಿನಲ್ಲಿ ಕೇಳಿ ತಲೆಬಾಗುತ್ತಿದ್ದ ಜನ ಮೊದಲ ಬಾರಿಗೆ ತಮ್ಮದೇ ಮಾತಿನಲ್ಲಿ ಪೂಜೆಗೆ ಉತ್ತರ ಕೊಟ್ಟರು. ಚಿನ್ನಾಮಿ ಕನ್ನಡ ಕಲಿತು ಮುನ್ನೂರು ವರ್ಷ ಕಳೆದ ಮೇಲೆ! ನಮ್ಮ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಸುಲಭದ್ದಲ್ಲ. ಮನೆಯೊಳಗೆ ತಮಿಳು ಆಡುವವರಿದ್ದಾರೆ, ಕೊಂಕಣಿಯವರಿದ್ದಾರೆ, ಮಲಯಾಳದವರಿದ್ದಾರೆ. ಇನ್ನಾಸಪ್ಪ, ಚೌರಪ್ಪ, ಅರುಳಪ್ಪ, ಚಿನ್ನಪ್ಪ ಎಂಬ ಹೆಸರುಗಳು ತಮಿಳಿನ ದಾರಿಯಲ್ಲಿ ಬಂದು ಕನ್ನಡದ ಮನೆಗಳಲ್ಲಿ ನೆಲೆಯಾದವು. ಮನೆಮಾತು ಯಾವುದೇ ಇರಲಿ, ಪೀಠದ ಮುಂದೆ ಎಲ್ಲರನ್ನೂ ಕೂಡಿಸುವ ಮಾತು ಕನ್ನಡವಾಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಕ್ಕದ ಮನೆಯ ಗೌಡರ ಮಗ ಹಬ್ಬಕ್ಕೆ ಬಂದು ನಿಂತಾಗ ಅವನಿಗೂ ಅರ್ಥವಾಗಬೇಕು.

ಪಿರಿಯಾಪಟ್ಟಣದ ಬಗ್ಗೆ ಹೆಚ್ಚು ಹೇಳಲಾರೆ. ಹೊಗೆಸೊಪ್ಪಿನ ಬ್ಯಾರನ್ನುಗಳ ತಾಲ್ಲೂಕು ಅದು. ಹರಾಜು ಮಾರುಕಟ್ಟೆಯ ದರ ಇಳಿದರೆ ಹಬ್ಬದ ತೇರಿನ ವಂತಿಗೆಯೂ ಇಳಿಯುತ್ತದೆ. ಅದೇ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ಕಾಡು ಕಡಿದು ಜೋಳ ಬಿತ್ತಿ, ಆಮೇಲೆ ವಿಹಾರಗಳನ್ನು ಕಟ್ಟಿದರು. ಮೊದಲು ಬದುಕು, ಆಮೇಲೆ ಗುಡಿ ಎಂಬ ಕ್ರಮ ಅಲ್ಲಿಯೂ ನಡೆಯಿತು.

ಹೆಗ್ಗಡದೇವನಕೋಟೆಯದು ತೀರ ಇತ್ತೀಚಿನ, ಇನ್ನೂ ನಡೆಯುತ್ತಿರುವ ಕಥೆ. ತಿರುವಾಂಕೂರಿನ ಕಡೆಯ ರೈತ ಕುಟುಂಬಗಳು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಮಲಬಾರಿಗೆ, ವಯನಾಡಿಗೆ ಹತ್ತಿ ಬಂದವು. ಅವರ ಮುಂದಿನ ತಲೆಮಾರುಗಳು ಬಾವಲಿಯ ಗಡಿ ದಾಟಿ ಕೋಟೆ ಸೀಮೆಯಲ್ಲಿ ಶುಂಠಿ, ಬಾಳೆ ಬೆಳೆದವು. ಇವರು ಸಂತ ತೋಮನ ಪರಂಪರೆಯ ಸೀರೋ ಮಲಬಾರ್ ಕಥೋಲಿಕರು. ವಿಶ್ವಾಸ ಒಂದೇ, ಪೂಜೆಯ ಕ್ರಮ ಬೇರೆ. ಅವರ ಧರ್ಮಪ್ರಾಂತ್ಯಗಳೂ ಜನರ ಹಿಂದೆಯೇ ನಡೆದು ಬಂದವು: 1953ರಲ್ಲಿ ತಲಶ್ಶೇರಿ, 1973ರಲ್ಲಿ ಮಾನಂತವಾಡಿ, 2010ರಲ್ಲಿ ಮೈಸೂರು ಜಿಲ್ಲೆಯನ್ನೂ ಒಳಗೊಂಡ ಮಂಡ್ಯ. ಐವತ್ತೇಳು ವರ್ಷಗಳಲ್ಲಿ ಮೂರು ಸಲ ಗಡಿ ಸರಿದದ್ದು ರೈತನ ಗುದ್ದಲಿ ಮುಂದೆ ಹೋದದ್ದರಿಂದ.

ಅದೇ ತಾಲ್ಲೂಕಿನಲ್ಲಿ ನೆಲ ಕಳೆದುಕೊಂಡವರೂ ಇದ್ದಾರೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಹಳ್ಳಿಗಳನ್ನು ಮುಳುಗಿಸಿತು. 1972ರ ವನ್ಯಜೀವಿ ಕಾಯ್ದೆ, ಹುಲಿ ಯೋಜನೆ, ನಾಗರಹೊಳೆ ಉದ್ಯಾನ ಇವು ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಯರವರನ್ನೂ ಕಾಡಿನಿಂದ ಹೊರಗಿಟ್ಟವು. ಬಂದು ನೆಲೆ ಕಂಡವರ ಗಂಟೆ ಕೇಳಿಸುವ ದೂರದಲ್ಲೇ ನೆಲೆ ತಪ್ಪಿದವರ ಹಾಡಿಗಳಿವೆ. ದುಬುವಾ ಕಂಡದ್ದು ನೆಲೆ ತಪ್ಪಿದವರನ್ನು. ಇಲ್ಲಿನ ಧರ್ಮಕೇಂದ್ರಗಳು ತಮ್ಮ ವಂಶಾವಳಿಯನ್ನು ಅಲ್ಲಿಂದ ಎಣಿಸುವುದಾದರೆ ಹಾಡಿಯ ಮಗುವಿನ ಶಾಲೆ, ಹಾಡಿಯ ಬಾಣಂತಿಯ ಆರೈಕೆ ಅವುಗಳ ಮೊದಲ ಕೆಲಸವಾಗಬೇಕು. ಜ್ಞಾನಸ್ನಾನದ ಲೆಕ್ಕ ಇಡದೆ ಆಗಬೇಕು, ದೇವಿ ಹಾಕಿಸಿದಾಗ ಇಡದ ಹಾಗೆ.

ಇಲ್ಲಿ ಕೂತಿರುವ ತರುಣರಲ್ಲಿ ಒಂದು ಕೆಲಸ ಕೇಳುತ್ತೇನೆ. ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ಮದುವೆ, ಮರಣಗಳ ದಫ್ತರ ಇಡಬೇಕೆಂಬುದು ಸಭೆಯ ಕಟ್ಟಳೆ. ಹಳೆಯ ದಫ್ತರಗಳಲ್ಲಿ ಬರವಣಿಗೆ ಲತೀನಿನಲ್ಲಿದೆ, ಹೆಸರುಗಳು ಮಾತ್ರ ನಮ್ಮವು. ಮಗುವಿನ ಹೆಸರು, ತಂದೆತಾಯಿ, ಜ್ಞಾನ ತಂದೆತಾಯಿಯರು, ಊರು, ಕೆಲವು ಕಡೆ ಕಸುಬು. ಇವನ್ನು ಸಾಲುಸಾಲಾಗಿ ಓದಿ, ಊರ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಹುಣಸೂರಿಗೆ ಯಾವ ಮನೆ ಯಾವ ಕಡೆಯಿಂದ ಬಂತು, ಪ್ಲೇಗಿನ ವರ್ಷ ಯಾವ ಬೀದಿ ಖಾಲಿಯಾಯಿತು, ಯಾವ ಉಪದೇಶಿ ಎಷ್ಟು ಮಕ್ಕಳಿಗೆ ಜ್ಞಾನ ತಂದೆಯಾಗಿ ನಿಂತ ಎಂಬುದೆಲ್ಲ ಹೊರಗೆ ಬರುತ್ತದೆ. ಕಾಗದ ಪುಡಿಯಾಗುತ್ತಿದೆ, ಶಾಯಿ ಮಾಸುತ್ತಿದೆ. ಗುರುಗಳ ಅನುಮತಿ ಪಡೆದು, ಮನೆಗಳ ಮಾನ ಕಾಪಾಡುವ ಎಚ್ಚರದಿಂದ, ಮೊದಲು ಹಳೆಯ ಸಂಪುಟಗಳ ಚಿತ್ರ ತೆಗೆದಿಡಿ. ಜೊತೆಗೆ ಎಂಬತ್ತು ದಾಟಿದ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು, ಗುರುಗಳು ಬರದ ಭಾನುವಾರಗಳಲ್ಲಿ ಊರಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ. ಮುಂದಿನ ವರ್ಷ ಈ ವೇದಿಕೆಗೆ ಬರುವವರು ಆ ಬರಹಗಳನ್ನು ಇಟ್ಟುಕೊಂಡು ಮಾತಾಡಲಿ.